ತಡಗಣಿ ಹುಳಕ್ಕೆ ಹೊಸ ಚೀಟಿ

ಹೋದ ಭಾನುವಾರ ತಡಗಣಿಕಾಳಿನ ಡಬ್ಬಿ ತೆಗೆದರೆ ಬರೀ ಹಿಟ್ಟು. ಕಾಳು ಕಾಳಿಗೂ ದುಂಡನೆ ತೂತು. ಅತ್ತೆ ಮೊರಕ್ಕೆ ಸುರಿದುಕೊಂಡು ಬಿಸಿಲಿಗೆ ಹಾಕಲು ಮಹಡಿ ಹತ್ತಿದರು. ನಾನು ನಾಲ್ಕು ಹುಳ ಹಿಡಿದು ಲೆನ್ಸ್ ಕೆಳಗೆ ಇಟ್ಟೆ. ಪಕ್ಕದಲ್ಲಿ ಅಕ್ಕಿ ಹುಳ ಒಂದನ್ನೂ ಇಟ್ಟೆ.

1758ರಲ್ಲಿ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ ಇದೇ ಬಳಗದ ಕಾಳು ಹುಳವೊಂದಕ್ಕೆ ಹೆಸರಿಡುವಾಗ ಅದನ್ನು ಮೂತಿ ಹುಳುಗಳ ಜೊತೆಗೆ ಸೇರಿಸಿದ್ದ. ಕೆಳಗೆ ಬಂದ ಅತ್ತೆಗೆ ಇದನ್ನು ಹೇಳಿದೆ. ಅವರು ಲೆನ್ಸಿಗೆ ಬಗ್ಗಿ, "ಅಕ್ಕಿ ಹುಳಕ್ಕೆ ಮೂತಿ ಅದೆ, ಇದಕ್ಕೆಲ್ಲಿ ಅದೆ? ಎರಡೂ ಒಂದೇ ಹೆಂಗಾದದು ಕಣವ್ವ?" ಎಂದರು. ಸರಿಯಾದ ಮಾತು. ಆಮೇಲೆ ಬಂದವರು ಇವನ್ನು ಬೇರೆ ಮಾಡಿ ಬ್ರೂಕಿಡೇ ಅಂತ ಕುಟುಂಬ ಕಟ್ಟಿದರು. ಮಾನಸಗಂಗೋತ್ರಿಯಲ್ಲಿ ಎಂ.ಎಸ್ಸಿ. ಓದುವಾಗ 1998ರಲ್ಲಿ ನನ್ನ ಕೀಟದ ಪೆಟ್ಟಿಗೆಯ ಚೀಟಿಯಲ್ಲಿ ಬರೆದದ್ದೂ ಅದೇ ಹೆಸರು.

ಈಗ ಅದು ಬೇರೆ ಕುಟುಂಬವಲ್ಲ. 2011ರಲ್ಲಿ ಕೀಟತಜ್ಞ ಬುಶಾರ್ ಮತ್ತು ಜೊತೆಗಾರರು ಜೀರುಂಡೆಗಳ ದೊಡ್ಡ ಪಟ್ಟಿ ಮಾಡಿದರು. ಪಳೆಯುಳಿಕೆಯವೂ ಸೇರಿ 211 ಕುಟುಂಬ. ಅದರಲ್ಲಿ ಕಾಳು ಹುಳ ಎಲೆ ಜೀರುಂಡೆಗಳ ಕುಟುಂಬವಾದ ಕ್ರೈಸೊಮೆಲಿಡೇ ಒಳಗಿನ ಒಂದು ಕವಲು, ಬ್ರೂಕಿನೇ, ಅಷ್ಟೇ. ಕಾಳು ಹುಳದ ಹತ್ತಿರದ ನೆಂಟ ಸ್ಯಾಗ್ರಾ ಅನ್ನೋ ಹೊಳೆಯುವ ಜೀರುಂಡೆ. ಹೆಬ್ಬೆಟ್ಟಿನಷ್ಟು ದಪ್ಪ, ಹಿಂದಿನ ತೊಡೆಯಂತೂ ಕಪ್ಪೆಯದರ ಹಾಗೆ. ಅದರ ಮರಿಹುಳ ಬೆಳೆಯುವುದೂ ಅವರೆ ಜಾತಿಯ ಬಳ್ಳಿಗಳ ದಂಟಿನೊಳಗೆ. ಮೊದಲು ಮೈಯ ಲಕ್ಷಣ, ಮರಿಹುಳ ನೋಡಿದವರಿಗೆ ಈ ಅನುಮಾನ ಬಂದಿತ್ತು. ಆಮೇಲೆ ಡಿಎನ್‌ಎ ಅದನ್ನು ಗಟ್ಟಿ ಮಾಡಿತು. ನಾನೂ ಮತ್ತೆ ಲೆನ್ಸಿಗೆ ಕಣ್ಣಿಟ್ಟೆ. ಎಳ್ಳಿಗಿಂತ ಸ್ವಲ್ಪ ದೊಡ್ಡ ಹುಳ, ಆದರೂ ಹಿಂದಿನ ತೊಡೆ ದಪ್ಪ, ಅದರಲ್ಲೊಂದು ಹಲ್ಲು. ಇಷ್ಟು ವರ್ಷ ಆ ತೊಡೆಯನ್ನು ನೋಡೇ ಇರಲಿಲ್ಲ.

ಎಲ್ಲವೂ ಹೀಗೆ ಒಳಗೆ ಸೇರುತ್ತಾ ಹೋಗುವುದಿಲ್ಲ. ಶ್ರೀರಂಗಪಟ್ಟಣದಲ್ಲಿ ಹೊಳೆ ಮರಳಿನ ಮೇಲೆ ಸರ್ರನೆ ಓಡುವ ಹುಲಿ ಜೀರುಂಡೆಗಳನ್ನು ಅದೇ ಪಟ್ಟಿ ನೆಲ ಜೀರುಂಡೆಗಳ ಒಳಗೆ ಇಟ್ಟಿತ್ತು. 2020ರಲ್ಲಿ ಡಿಎನ್‌ಎ ನೋಡಿದವರು ಅವನ್ನು ಮತ್ತೆ ಬೇರೆ ಕುಟುಂಬ ಮಾಡಿದರು.

ನನ್ನ ಪಿಯುಸಿ ಮಕ್ಕಳಿಗೆ ಇದು ಬೇಜಾರು. "ಮೇಡಂ, ಬದಲಾಗೋ ಹೆಸರನ್ನ ಯಾಕೆ ಕಲೀಬೇಕು?" ಅಂತಾರೆ. ನನಗೆ ಹಾಗನ್ನಿಸುವುದಿಲ್ಲ. ಮದ್ದೂರಿನ ಹತ್ತಿರ ನಮ್ಮ ಮಾವನ ತೋಟದಲ್ಲಿ ಕೆಂಪು ಮೂತಿ ಹುಳ ಎರಡು ತೆಂಗಿನ ಮರ ತಿಂದುಹಾಕಿತು. ಆ ಹುಳವೂ ಅಕ್ಕಿ ಡಬ್ಬಿಯ ಪುಟ್ಟ ಹುಳವೂ ಒಂದೇ ಉಪಕುಟುಂಬ. ಸುಮ್ನೆ ನೋಡಿದರೆ ಗೊತ್ತಾಗುತ್ತಾ? ಹೆಸರು ಹೇಳುವುದು ಆ ನೆಂಟಸ್ತಿಕೆಯನ್ನ. ಸುಮಾರು 4 ಲಕ್ಷ ಜಾತಿಯ ಜೀರುಂಡೆ ಇರುವ ಕಡೆ ಒಂದೇ ಸಲಕ್ಕೆ ಎಲ್ಲ ಸರಿಯಾಗುವುದು ಕಷ್ಟ ಅಲ್ವಾ?

ರಾತ್ರಿ ಹಳೆ ಪೆಟ್ಟಿಗೆ ತೆಗೆದೆ. ಸಂಗ್ರಹಾಲಯಗಳಲ್ಲಿ ಹಳೆ ಚೀಟಿ ಕೀಳುವುದಿಲ್ಲ, ಅದೇ ಪಿನ್ನಿಗೆ ಕೆಳಗೆ ಇನ್ನೊಂದು ಚುಚ್ಚುತ್ತಾರೆ. ನಾನೂ ಹಾಗೇ ಮಾಡಿದೆ. ಮೇಲೆ 1998ರ ಗುಂಡು ಅಕ್ಷರದ ಬ್ರೂಕಿಡೇ, ಕೆಳಗೆ ಹೊಸದಾಗಿ ಕ್ರೈಸೊಮೆಲಿಡೇ, ಬ್ರೂಕಿನೇ. ಅಷ್ಟರಲ್ಲಿ ಅತ್ತೆ ಉಳಿದ ಕಾಳಿಗೆ ಹರಳೆಣ್ಣೆ ಸವರಿ ಡಬ್ಬಿ ಮುಚ್ಚಿದ್ದರು.