ಚುಕ್ಕೆಗೂ ಠಾಣೆಗೂ ನಡುವಿನ ಹೊತ್ತು

ಎಳ್ಳ ಅಮಾವಾಸ್ಯೆಯ ರಾತ್ರಿ ನನ್ನ ತಮ್ಮನ ಪಿಕಪ್ ಗಾಡಿ ಕಳುವಾಯಿತು. ಹಗಲೆಲ್ಲ ಹೊಲದಲ್ಲಿದ್ದು, ಚರಗ ಚೆಲ್ಲಿ, ಭಜ್ಜಿ ಮತ್ತು ಸಜ್ಜೆ ರೊಟ್ಟಿ ಉಂಡು ಕಲಬುರಗಿಗೆ ಮರಳಿದ್ದ ಮನೆಮಂದಿಗೆಲ್ಲ ಗಾಢ ನಿದ್ದೆ. ಆಳಂದ ರಸ್ತೆಯ ಕಡೆಗಿರುವ ನಮ್ಮ ಬಡಾವಣೆಯಲ್ಲಿ ಗಾಡಿ ಮನೆಯ ಮುಂದೆಯೇ ನಿಂತಿತ್ತು. ಬೆಳಗ್ಗೆ ಅಂಗಳಕ್ಕೆ ನೀರು ಹಾಕಲು ಬಾಗಿಲು ತೆರೆದ ಅವ್ವ ಮೊದಲು ಕಂಡದ್ದು ಖಾಲಿ ರಸ್ತೆಯನ್ನು.

ತೊಗರಿ ರಾಶಿಯ ಕಾಲ ಅದು. ಹಳ್ಳಿಗಳಿಂದ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ, ಕಪನೂರಿನ ದಾಲ್ ಮಿಲ್‌ಗಳಿಂದ ಬೇಳೆ ಸಾಗಿಸಿ ನನ್ನ ತಮ್ಮ ವರ್ಷದ ಅರ್ಧ ದುಡಿಮೆಯನ್ನು ಈ ಎರಡು ಮೂರು ತಿಂಗಳಲ್ಲೇ ಮಾಡಿಕೊಳ್ಳಬೇಕು. ಗಾಡಿಯ ಮೇಲೆ ಸಾಲವೂ ಇತ್ತು. ಆ ಸಾಲದ ದೆಸೆಯಿಂದಲೇ ಗಾಡಿಯಲ್ಲಿ ಜಿಪಿಎಸ್ ಸಾಧನವೂ ಇತ್ತು. ಪ್ರಯಾಣಿಕರನ್ನು ಒಯ್ಯುವ ಹೊಸ ಸಾರ್ವಜನಿಕ ವಾಹನಗಳಿಗೆ 2019ರ ಜನವರಿ 1ರಿಂದ ವಾಹನ ಎಲ್ಲಿದೆ ಎಂದು ತಿಳಿಸುವ, ಎಐಎಸ್ 140 ಎಂಬ ಮಾನದಂಡದ ಸಾಧನ ಕಡ್ಡಾಯವಾಗಿದೆ. ನಮ್ಮದು ಸರಕು ಗಾಡಿಯಾದ್ದರಿಂದ ಆ ನಿಯಮಕ್ಕಾಗಿ ಹಾಕಿಸಿದ್ದಲ್ಲ. ಕಂತು ತಪ್ಪಿದರೆ ಗಾಡಿ ಎಲ್ಲಿದೆ ಎಂದು ತಿಳಿಯಲಿ ಎಂದು ಸಾಲ ಕೊಟ್ಟವರು ಹಾಕಿಸಿದ್ದು. ನನ್ನ ತಮ್ಮ ಕಂತನ್ನು ಒಮ್ಮೆಯೂ ತಪ್ಪಿಸಿರಲಿಲ್ಲ. ಆ ಪೆಟ್ಟಿಗೆ ತನ್ನ ಮೇಲಿನ ಅಪನಂಬಿಕೆಯ ಗುರುತು ಎಂದು ಅವನಿಗೆ ಒಳಗೊಳಗೇ ನೋವಿತ್ತು.

ಅವನ ಮೊಬೈಲಿನಲ್ಲಿ ರಾತ್ರಿ 2 ಗಂಟೆ ದಾಟಿದ ಮೇಲೆ ಬಂದ ಸಂದೇಶಗಳು ಸಾಲಾಗಿ ಕಾದಿದ್ದವು. ಎಂಜಿನ್ ಚಾಲೂ ಆಗಿದೆ. ಗಾಡಿ ಚಲಿಸುತ್ತಿದೆ. ನಸುಕಿನಲ್ಲಿ ಬಂದ ಕೊನೆಯದು, ಮುಖ್ಯ ವಿದ್ಯುತ್ ಸಂಪರ್ಕ ಕಡಿದಿದೆ ಎಂಬುದು. ನಕ್ಷೆ ತೆರೆದರೆ ಗಾಡಿಯ ಜಾಗ ತೋರಿಸುವ ಚುಕ್ಕೆ ಕಮಲಾಪುರ ದಾಟಿ, ಹುಮನಾಬಾದ್ ದಾಟಿ, ಬೀದರ್ ಜಿಲ್ಲೆಯ ಚಿಟಗುಪ್ಪದ ಆಸುಪಾಸಿನಲ್ಲಿ ನಿಂತಿತ್ತು. ನಾವು ನೋಡುವಾಗಲೂ ಅದು ಜೀವಂತವಾಗಿತ್ತು, ನಿಮಿಷ ನಿಮಿಷಕ್ಕೆ ಹೊಸ ವೇಳೆ ತೋರಿಸುತ್ತಿತ್ತು.

ನಾನು ಪದವಿಪೂರ್ವ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಸಂಪರ್ಕ ಕಡಿದ ಮೇಲೂ ಚುಕ್ಕೆ ಏಕೆ ಬದುಕಿದೆ ಎಂದು ನನಗೆ ಗೊತ್ತಿತ್ತು, ಅದು ಎಷ್ಟು ಹೊತ್ತು ಬದುಕಬಹುದು ಎಂಬ ಭಯವೂ ಇತ್ತು. ಈ ಸಾಧನದೊಳಗೆ ಎರಡು ಬೇರೆ ಬೇರೆ ಕೆಲಸ ನಡೆಯುತ್ತದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳು ಕಳುಹಿಸುವ ವೇಳೆಯ ಸಂಕೇತಗಳನ್ನು ಅದು ಬರೀ ಕೇಳಿಸಿಕೊಳ್ಳುತ್ತದೆ. ಕನಿಷ್ಠ ನಾಲ್ಕು ಉಪಗ್ರಹಗಳ ಸಂಕೇತ ಸಿಕ್ಕರೆ ತಾನಿರುವ ಜಾಗವನ್ನು ಲೆಕ್ಕ ಹಾಕುತ್ತದೆ. ಉಪಗ್ರಹಕ್ಕೆ ನಮ್ಮ ಗಾಡಿಯ ಸುದ್ದಿಯೇ ತಿಳಿಯದು. ಆ ಜಾಗವನ್ನು ನಮಗೆ ತಿಳಿಸುವುದು ಸಾಧನದಲ್ಲಿರುವ ಸಿಮ್, ಅದೂ ಹತ್ತಿರದ ಮೊಬೈಲ್ ಟವರಿನ ಮೂಲಕ. ಗಾಡಿಯ ಬ್ಯಾಟರಿಯ ತಂತಿ ಕಿತ್ತರೆ ಒಳಗಿನ ಪುಟ್ಟ ಬ್ಯಾಟರಿ ಕೆಲವು ಗಂಟೆ ಈ ಎರಡೂ ಕೆಲಸವನ್ನು ನಡೆಸುತ್ತದೆ. ಆಮೇಲೆ ಮೌನ. ಅಂದರೆ ಬೆಳಗಿನ ಆ ಹೊತ್ತಿನಿಂದ ನಮ್ಮ ಪ್ರತಿ ನಿಮಿಷವೂ ಆ ಪುಟ್ಟ ಬ್ಯಾಟರಿಯಿಂದಲೇ ಖರ್ಚಾಗುತ್ತಿತ್ತು.

ಮೊದಲು ಹೋದ ಠಾಣೆಯಲ್ಲಿ ನಿಮ್ಮ ಬಡಾವಣೆ ನಮ್ಮ ಸರಹದ್ದಿಗೆ ಬರುವುದಿಲ್ಲ ಎಂದರು. ಎರಡನೆಯ ಕಡೆ ಕುಳಿತಿದ್ದವರು ಒರಟರೇನಲ್ಲ, ನೀರು ಕೊಟ್ಟು ಕೂರಿಸಿದರು. ಆದರೆ ಅವರ ಮೊದಲ ಪ್ರಶ್ನೆ, ಫೈನಾನ್ಸ್‌ನವರೇ ಗಾಡಿ ಎಳೆದುಕೊಂಡು ಹೋಗಿಲ್ಲವಷ್ಟೇ ಎಂಬುದು. ಅಂಥ ಪ್ರಕರಣಗಳು ನಡೆಯುವುದರಿಂದ ಕೇಳಬೇಕಾದ ಪ್ರಶ್ನೆಯೇ ಅದು. ಆದರೆ ಸಾಲ ಕೊಟ್ಟವರ ಕಚೇರಿಯ ಬಾಗಿಲು ತೆರೆಯುವವರೆಗೆ, ಅಲ್ಲಿಂದ ಉತ್ತರ ಬರುವವರೆಗೆ ಕಾಯಿರಿ ಎಂದದ್ದನ್ನು ನನ್ನಿಂದ ಈಗಲೂ ಒಪ್ಪಲಾಗುತ್ತಿಲ್ಲ. ನನ್ನ ತಮ್ಮ ಮೊಬೈಲನ್ನು ಮೇಜಿನ ಮೇಲಿಟ್ಟು, "ಸರ್, ಇಲ್ಲೇ ಕಾಣುತ್ತಿದೆ ನೋಡಿ, ಇಲ್ಲೇ ಇದೆ" ಎನ್ನುತ್ತಲೇ ಇದ್ದ. ಮಧ್ಯಾಹ್ನಕ್ಕೆ ಸ್ವಲ್ಪ ಮೊದಲು ಅವನ ಮೊಬೈಲಿನಲ್ಲಿ ವೇಳೆ ಬದಲಾಗುವುದು ನಿಂತಿತು. ಅವನು ಪರದೆಯನ್ನು ಮತ್ತೆ ಮತ್ತೆ ಎಳೆದು ನೋಡಿದ. ಆಮೇಲೆ ನನ್ನ ಮುಖ ನೋಡಿದ.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೆಯ ಕಲಮು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಅಪರಾಧ ಯಾವ ಸರಹದ್ದಿನಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು. ಎಲೆಕ್ಟ್ರಾನಿಕ್ ಮಾಧ್ಯಮದ ಮೂಲಕವೂ ಕೊಡಬಹುದು, ಮೂರು ದಿನದೊಳಗೆ ಹೋಗಿ ಸಹಿ ಮಾಡಿದರೆ ಸಾಕು. ಕಳವಿನ ಕಲಮು ಈಗ ಭಾರತೀಯ ನ್ಯಾಯ ಸಂಹಿತೆಯ 303. ಇವೆಲ್ಲ ಬರೆದಿಟ್ಟ ಕಾನೂನುಗಳು, ಮಾಲೀಕನಿಗೆ ದಯೆಯಿಂದ ಮಾಡಿಕೊಡುವ ಉಪಕಾರಗಳಲ್ಲ.

ಕೊನೆಗೆ ಎಫ್‌ಐಆರ್ ಆಯಿತು, ಪ್ರಕರಣ ಅಪರಾಧ ವಿಭಾಗದ ಹೆಡ್ ಕಾನ್‌ಸ್ಟೆಬಲ್ ಒಬ್ಬರ ಕೈಗೆ ಬಂತು. ನಿವೃತ್ತಿಗೆ ಹತ್ತಿರವಾದ, ಮೃದು ಮಾತಿನ ಮನುಷ್ಯ. ಅವರು ಆರ್‌ಸಿಗಿಂತ ಮೊದಲು ಕೇಳಿದ್ದು ಸಾಧನದ ಗುರುತು ಸಂಖ್ಯೆಯಾದ ಐಎಂಇಐ, ಅದರ ಸಿಮ್ ಸಂಖ್ಯೆ, ಲಾಗಿನ್ ಮತ್ತು ಪಾಸ್‌ವರ್ಡ್. ನಕ್ಷೆಯ ಚುಕ್ಕೆಯನ್ನು ಅವರು ಕಣ್ಣೆತ್ತಿಯೂ ನೋಡಲಿಲ್ಲ. ಸಾಧನ ಮಾರಿದವರಿಗೆ ಕರೆ ಮಾಡಿ, ರಾತ್ರಿಯಿಂದ ಸರ್ವರಿಗೆ ಬಂದ ಪ್ರತಿ ಸಾಲನ್ನೂ ತರಿಸಿಕೊಂಡರು. ಅಕ್ಷಾಂಶ, ರೇಖಾಂಶ, ವೇಗ, ದಿಕ್ಕು, ಬ್ಯಾಟರಿಯ ವೋಲ್ಟ್, ಕಂಡ ಉಪಗ್ರಹಗಳ ಸಂಖ್ಯೆ ಎಲ್ಲವೂ ಅದರಲ್ಲಿದ್ದವು.

ಆ ಹಾಳೆಗಳನ್ನು ಅವರು ಓದಿದ ರೀತಿಯನ್ನು ನಾನು ನನ್ನ ವಿದ್ಯಾರ್ಥಿಗಳಿಗೆ ಈಗಾಗಲೇ ಹೇಳಿದ್ದೇನೆ, ಇಲ್ಲಿಯೂ ಹೇಳಬೇಕು. ಚಿಟಗುಪ್ಪದ ಬಳಿ ವೇಗ ಸೊನ್ನೆಯಾಗಿತ್ತು, ಆದರೆ ಚುಕ್ಕೆ ಒಂದೇ ಕಡೆ ಕೂತಿರಲಿಲ್ಲ. ಹತ್ತಾರು ಮೀಟರುಗಳ ಸುತ್ತಳತೆಯಲ್ಲಿ ಅತ್ತಿತ್ತ ತೇಲಾಡಿತ್ತು. ಕಂಡ ಉಪಗ್ರಹಗಳ ಸಂಖ್ಯೆಯೂ ಅಲ್ಲಿಂದ ಮುಂದೆ ಇಳಿದಿತ್ತು. "ಗಾಡಿ ಬಯಲಲ್ಲಿ ನಿಂತಿಲ್ಲ ಸರ್. ತಗಡಿನ ಶೆಡ್ಡೋ, ಗೋದಾಮೋ ಇರಬೇಕು" ಎಂದರು. ಮೇಲೆ ಮರೆ ಇದ್ದಾಗ ಸಂಕೇತಗಳು ಗೋಡೆ, ತಗಡುಗಳಿಗೆ ಬಡಿದು ತಿರುಗಿ ಬರುತ್ತವೆ. ಬಂದ ದಾರಿ ಉದ್ದವಾದಷ್ಟೂ ಸಾಧನದ ಲೆಕ್ಕ ತಪ್ಪುತ್ತದೆ. ನಾನು ಪುಸ್ತಕದಿಂದ ಕಲಿತದ್ದನ್ನು ಅವರು ಕಳುವಾದ ಗಾಡಿಗಳಿಂದ ಕಲಿತಿದ್ದರು.

ಅವರು ಹಿಡಿದ ಎರಡನೆಯ ಸುಳಿವು ಫಾಸ್ಟ್ಯಾಗ್. "ನಿನ್ನ ಮೊಬೈಲಿಗೆ ಟೋಲಿನ ಹಣ ಕಡಿತದ ಸಂದೇಶ ಬಂದಿದೆಯೇನು ತಮ್ಮಾ?" ಬಂದಿರಲಿಲ್ಲ. ಹುಮನಾಬಾದಿನಿಂದ ಹೈದರಾಬಾದ್ ಕಡೆಗೆ ರಾಷ್ಟ್ರೀಯ ಹೆದ್ದಾರಿ 65ರಲ್ಲಿ ಹೋಗುವ ಗಾಡಿ ಮನ್ನಾಏಖೇಳಿಯ ಆಚೆ ಮಂಗಲಗಿ ಟೋಲ್ ದಾಟಬೇಕು. ಟ್ಯಾಗ್ ಕಿತ್ತು ನಗದು ಕೊಟ್ಟು ದಾಟುವವರೂ ಇದ್ದಾರೆ ಎಂದು ಅವರು ಅಲ್ಲಿಗೂ ಕರೆ ಮಾಡಿ ರಾತ್ರಿಯ ಕ್ಯಾಮೆರಾ ದೃಶ್ಯ ನೋಡಿಸಿದರು. ನಮ್ಮ ಗಾಡಿ ಅದರಲ್ಲಿ ಇರಲಿಲ್ಲ. ಅಂದರೆ ಅದು ತೆಲಂಗಾಣಕ್ಕೆ ಇನ್ನೂ ಇಳಿದಿಲ್ಲ, ಗಡಿಯ ಈಚೆಗೆ ಎಲ್ಲೋ ಅಡಗಿದೆ, ರಾತ್ರಿಯ ಕತ್ತಲಿಗೆ ಕಾಯುತ್ತಿದೆ ಎಂಬುದು ಅವರ ಊಹೆ. ಸಾಧನದ ಸಿಮ್ ಕೊನೆಗೆ ಯಾವ ಟವರಿನಲ್ಲಿತ್ತು ಎಂದು ಮೊಬೈಲ್ ಕಂಪನಿಯಿಂದ ತರಿಸಲು ಮೇಲಧಿಕಾರಿಯ ಮೂಲಕವೇ ಹೋಗಬೇಕು, ಅದಕ್ಕೂ ಪತ್ರ ಕಳುಹಿಸಿದರು. ಬೀದರ್ ಜಿಲ್ಲೆಯ ಪೊಲೀಸರಿಗೆ ಗಾಡಿಯ ಬಣ್ಣ, ಹಿಂದಿನ ಬಾಗಿಲಿನ ಮೇಲಿದ್ದ ಶರಣಬಸವೇಶ್ವರರ ಚಿತ್ರ, ಚಾಸಿ ಸಂಖ್ಯೆ ಎಲ್ಲವೂ ಹೋದವು.

ಇಷ್ಟರಲ್ಲಿ ನಮ್ಮ ಕಾಕಾ ಓಣಿಯ ಹುಡುಗರನ್ನು ತುಂಬಿಕೊಂಡು ಕ್ರೂಸರಿನಲ್ಲಿ ಚಿಟಗುಪ್ಪಕ್ಕೆ ಹೊರಡಲು ಸಿದ್ಧರಾಗಿದ್ದರು. ಹೆಡ್ ಕಾನ್‌ಸ್ಟೆಬಲ್ ಕೈಮುಗಿದು ತಡೆದರು. "ಕಾಕಾ, ನೀವು ಹೋದರೆ ಗಾಡಿ ಸಿಕ್ಕರೂ ಸಿಗಬಹುದು. ಆದರೆ ಪಂಚನಾಮೆ ಇಲ್ಲದೆ ತಂದ ಗಾಡಿಯಿಂದ ಕಳ್ಳನ ಮೇಲೆ ಕೇಸು ನಿಲ್ಲುವುದಿಲ್ಲ. ಅಲ್ಲಿ ಯಾರ ಕೈಯಲ್ಲಿ ಏನಿದೆ ಎಂದು ನಮಗೂ ಗೊತ್ತಿಲ್ಲ. ಹುಡುಗರ ತಾಯಂದಿರಿಗೆ ಯಾರು ಉತ್ತರ ಹೇಳಬೇಕು?" ಕಾಕಾ ಕುಳಿತುಬಿಟ್ಟರು. ಮೊಬೈಲಿನಲ್ಲಿ ಚುಕ್ಕೆ ಕಂಡವನಿಗೆ ಅಲ್ಲಿಗೆ ಓಡಬೇಕು ಎನಿಸುವುದು ಸಹಜ. ಹಾಗೆ ಓಡಿದವರು ಪೆಟ್ಟು ತಿಂದ ಕಥೆಗಳು ಗಂಜಿನ ಚಾಲಕರ ಬಾಯಲ್ಲಿ ಬೇಕಾದಷ್ಟಿವೆ.

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ 1986ರಲ್ಲೇ ಶುರುವಾದ ಲೋಜ್ಯಾಕ್ ಎಂಬ ವ್ಯವಸ್ಥೆ ನಮ್ಮ ಈ ವ್ಯವಸ್ಥೆಗೆ ತಿರುವುಮುರುವು. ಕಾರಿನೊಳಗೆ ಬಚ್ಚಿಟ್ಟ ರೇಡಿಯೊ ಪೆಟ್ಟಿಗೆ ಸುಮ್ಮನಿರುತ್ತಿತ್ತು. ಮಾಲೀಕ ದೂರು ಕೊಟ್ಟು, ಕಾರಿನ ಗುರುತು ಸಂಖ್ಯೆ ಪೊಲೀಸರ ಕಂಪ್ಯೂಟರಿಗೆ ಸೇರಿದ ಮೇಲೆ ರೇಡಿಯೊ ಗೋಪುರಗಳಿಂದ ಅದಕ್ಕೆ ಎಚ್ಚರಿಕೆ ಹೋಗುತ್ತಿತ್ತು. ಆಮೇಲೆ ಅದು ಕೂಗತೊಡಗಿದರೆ ಕೇಳಿಸುತ್ತಿದ್ದುದು ಪೊಲೀಸ್ ಕಾರುಗಳಲ್ಲಿದ್ದ ರಿಸೀವರ್ ಯಂತ್ರಕ್ಕೆ. ದೂರು ಕೊಡುವುದೂ ಹುಡುಕಾಟ ಶುರುವಾಗುವುದೂ ಅಲ್ಲಿ ಒಂದೇ ಕ್ರಿಯೆ. ನಮ್ಮಲ್ಲಿ ಚುಕ್ಕೆ ಇರುವುದು ಮಾಲೀಕನ ಜೇಬಿನಲ್ಲಿ, ಅಲ್ಲಿಗೆ ಹೋಗಿ ಗಾಡಿ ಹಿಡಿಯುವ ಅಧಿಕಾರ ಇರುವುದು ಪೊಲೀಸರಿಗೆ. ಇವೆರಡರ ನಡುವಿನ ಹೊತ್ತಿನಲ್ಲೇ ಕಳ್ಳ ಗಡಿ ದಾಟುತ್ತಾನೆ. ಬೀದರ್, ಕಲಬುರಗಿಯಂಥ ಗಡಿ ಜಿಲ್ಲೆಗಳಲ್ಲಿ ಈ ಹೊತ್ತಿನ ಬೆಲೆ ಇನ್ನೂ ಹೆಚ್ಚು. ಒಂದು ಕಡೆ ತೆಲಂಗಾಣ, ಇನ್ನೊಂದು ಕಡೆ ಮಹಾರಾಷ್ಟ್ರ. ರಾಜ್ಯ ಬದಲಾದರೆ ಠಾಣೆ ಬದಲಾಗುತ್ತದೆ, ಭಾಷೆಯೂ ಬದಲಾಗುತ್ತದೆ, ಪತ್ರ ಹೊಸದಾಗಿ ಬರೆಯಬೇಕಾಗುತ್ತದೆ.

ಕತ್ತಲಾದ ಮೇಲೆ ತಮ್ಮನ ಮೊಬೈಲು ಒಮ್ಮೆಗೇ ಸದ್ದು ಮಾಡಿತು. ಕಳ್ಳರು ಗಾಡಿಯ ಬ್ಯಾಟರಿಯ ತಂತಿ ಕಿತ್ತಿದ್ದರೇ ಹೊರತು ಡ್ಯಾಶ್‌ಬೋರ್ಡಿನ ಹಿಂದಿದ್ದ ಪೆಟ್ಟಿಗೆಯನ್ನು ಕಂಡಿರಲಿಲ್ಲ. ಗಾಡಿ ಚಾಲೂ ಮಾಡಲು ತಂತಿ ಜೋಡಿಸಿದ ಗಳಿಗೆಯಲ್ಲಿ ಸಾಧನಕ್ಕೂ ವಿದ್ಯುತ್ ಸಿಕ್ಕಿತ್ತು. ಟವರ್ ಸಿಗದಿದ್ದಾಗ ನೆನಪಿನಲ್ಲಿ ಕೂಡಿಟ್ಟುಕೊಂಡಿದ್ದ ಹಳೆಯ ಜಾಗಗಳನ್ನೂ ಅದು ಒಟ್ಟಿಗೇ ಕಳುಹಿಸಿತು. ಶೆಡ್ಡು ಯಾವ ದಾರಿಯಲ್ಲಿ ಇತ್ತು ಎಂಬುದು ಈಗ ಸ್ಪಷ್ಟವಾಯಿತು. ಚುಕ್ಕೆ ಮನ್ನಾಏಖೇಳಿಯ ಕಡೆ ಹೊರಟಿತ್ತು.

"ಅಣ್ಣಾ, ಎಂಜಿನ್ ನಿಲ್ಲಿಸಿಬಿಡಲೇನು?" ತಮ್ಮನ ಬೆರಳು ಪರದೆಯ ಮೇಲೆ ನಡುಗುತ್ತಿತ್ತು. ಆ ಸೌಲಭ್ಯ ಅದರಲ್ಲಿತ್ತು. ಹೆಡ್ ಕಾನ್‌ಸ್ಟೆಬಲ್ ಮೊಬೈಲನ್ನೇ ಕೈಗೆ ತೆಗೆದುಕೊಂಡರು. ಹೆದ್ದಾರಿಯಲ್ಲಿ ಓಡುವ ಗಾಡಿಯ ಎಂಜಿನ್ ನಿಂತರೆ ಸ್ಟೀರಿಂಗ್ ಬಿಗಿಯುತ್ತದೆ, ಬ್ರೇಕಿಗೆ ಸಿಗುವ ನಿರ್ವಾತದ ನೆರವು ತಪ್ಪುತ್ತದೆ. ಹಿಂದೆ ಬರುತ್ತಿರುವ ಬೈಕಿನ ಮೇಲೆ ಗಂಡ ಹೆಂಡತಿ ಮಗು ಇರಬಹುದು. ಗಾಡಿ ತಾನಾಗಿ ನಿಂತರೆ ಕಳ್ಳರಿಗೂ ಸುಳಿವು ಸಿಕ್ಕಿ ಹೊಲಕ್ಕೆ ಇಳಿದು ಓಡುತ್ತಾರೆ. ಅವರು ಇನ್ನೊಂದು ಮೊಬೈಲನ್ನು ಕಿವಿಗಿಟ್ಟುಕೊಂಡು ಬೀದರಿನವರಿಗೆ ಊರಿನ ಹೆಸರು, ವೇಗ, ದಿಕ್ಕು ಇಷ್ಟನ್ನೇ ಹೇಳುತ್ತಾ ಹೋದರು. ಟೋಲಿಗಿಂತ ಮುಂಚೆ, ಲಾರಿಗಳು ನಿಧಾನವಾಗುವ ಕಡೆ ಗಸ್ತಿನ ಜೀಪು ಅಡ್ಡ ನಿಂತಿತು.

ಸಂಖ್ಯಾಫಲಕ ಬದಲಾಗಿತ್ತಂತೆ. ಆದರೆ ಹೊಸದಾಗಿ ಹಾಕಿದ್ದು ಬರೀ ಬಣ್ಣದ ತಗಡು. ಅತಿ ಸುರಕ್ಷಿತ ಫಲಕದಲ್ಲಿರುವ ಅಶೋಕಚಕ್ರದ ಹೊಲೊಗ್ರಾಮ್ ಇರಲಿಲ್ಲ, ಲೇಸರಿನಿಂದ ಕೊರೆದ ಸಂಖ್ಯೆಯೂ ಇರಲಿಲ್ಲ. ಒಬ್ಬ ಸಿಕ್ಕ, ಇನ್ನೊಬ್ಬ ಕತ್ತಲಲ್ಲಿ ತಪ್ಪಿಸಿಕೊಂಡ. ಮರುದಿನ ನಾವು ಪೊಲೀಸರ ಜೊತೆ ಹೋಗಿ ಗುರುತಿಸಿದೆವು. ಚಾಸಿಯ ಮೇಲಿನ ಸಂಖ್ಯೆಗೆ ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆದು ಆರ್‌ಸಿಗೆ ಹೋಲಿಸಿದಾಗ ತಮ್ಮ ಬಾನೆಟ್ಟಿಗೆ ಹಣೆಯಿಟ್ಟು ಅತ್ತುಬಿಟ್ಟ.

ಗಾಡಿ ಸಿಕ್ಕರೂ ಮನೆಗೆ ಬರಲಿಲ್ಲ. ಅದು ಈಗ ಪ್ರಕರಣದ ಮುದ್ದೆಮಾಲು, ಅಂದರೆ ಸಾಕ್ಷ್ಯವಾಗಿ ವಶಪಡಿಸಿಕೊಂಡ ವಸ್ತು, ನ್ಯಾಯಾಲಯ ಬಿಡಬೇಕು. ಠಾಣೆಯ ಆವರಣದಲ್ಲಿ ಅದರ ಪಕ್ಕದಲ್ಲಿದ್ದ ಗಾಡಿಗಳನ್ನು ನೋಡಿ ನನಗೆ ಸಿಟ್ಟೂ ಸಂಕಟವೂ ಬಂದವು. ಟೈರು ಮಣ್ಣಿಗೆ ಅಂಟಿದ ಟಂಟಂ ಆಟೊಗಳು, ಸೀಟಿನಲ್ಲಿ ಹುಲ್ಲು ಬೆಳೆದ ಬೈಕುಗಳು. ಯಾರೋ ಕಂತು ಕಟ್ಟಿದ, ಯಾರೋ ಪೊಲೀಸರು ನಿದ್ದೆಗೆಟ್ಟು ಹಿಡಿದ ಗಾಡಿಗಳು ಇವು. ಸುಂದರಭಾಯಿ ಅಂಬಾಲಾಲ್ ದೇಸಾಯಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲೇ ಹೇಳಿದೆ: ವಶಪಡಿಸಿಕೊಂಡ ವಾಹನಗಳನ್ನು ಠಾಣೆಯಲ್ಲಿ ದೀರ್ಘಕಾಲ ಇಟ್ಟುಕೊಳ್ಳುವುದರಿಂದ ಪ್ರಯೋಜನವಿಲ್ಲ, ಫೋಟೊ ತೆಗೆದು, ಬಾಂಡ್ ಬರೆಸಿಕೊಂಡು ಬೇಗ ಬಿಡಬೇಕು. ನಮ್ಮ ವಕೀಲರು ಅದನ್ನೇ ಉಲ್ಲೇಖಿಸಿ ಅರ್ಜಿ ಹಾಕಿದರು. ಸಾಲ ಕೊಟ್ಟವರ ಒಪ್ಪಿಗೆ ಪತ್ರ, ವಿಮೆ, ಜಾಮೀನುದಾರ, ಬಾಂಡ್ ಎಲ್ಲ ಮುಗಿದು ಗಾಡಿ ಮತ್ತೆ ಗಂಜಿಗೆ ಬಂದಾಗ ತೊಗರಿಯ ಆವಕ ಇನ್ನೂ ಜೋರಾಗಿಯೇ ಇತ್ತು.

ತಮ್ಮ ಈಗ ಸಾಧನದ ಎಚ್ಚರಿಕೆ ಸಂದೇಶವಾಗಿ ಮಾತ್ರವಲ್ಲ, ಕರೆಯಾಗಿಯೂ ಬರುವಂತೆ ಮಾಡಿಸಿದ್ದಾನೆ, ಅವನಿಗೂ ನನಗೂ. ಐಎಂಇಐ, ಸಿಮ್ ಸಂಖ್ಯೆ, ಚಾಸಿ ಸಂಖ್ಯೆ, ಲಾಗಿನ್ ಬರೆದ ಹಾಳೆಯೊಂದು ಆರ್‌ಸಿಯ ಪ್ರತಿಯ ಜೊತೆ ಮನೆಯ ಕಪಾಟಿನಲ್ಲಿದೆ. ಅಂಥದೇ ಹಾಳೆಯನ್ನು ಗಂಜಿನ ಇತರ ಗಾಡಿ ಮಾಲೀಕರಿಗೂ ಬರೆಸಿ ಕೊಟ್ಟಿದ್ದೇವೆ. ಅವರೆಲ್ಲ ಸೇರಿ ಪೊಲೀಸ್ ಅಧಿಕಾರಿಗಳಿಗೆ ಕೊಡಲಿರುವ ಮನವಿಯನ್ನು ನಾನೇ ಬರೆದೆ. ಅದರಲ್ಲಿ ಕೇಳಿರುವುದು ಇಷ್ಟು: ಟ್ರ್ಯಾಕಿಂಗ್ ಸಾಧನವಿರುವ ಗಾಡಿ ಕಳುವಾಗಿದೆ ಎಂದು ಯಾರಾದರೂ ಬಂದರೆ, ಸರಹದ್ದು ಯಾವುದೇ ಇರಲಿ, ಠಾಣೆಯ ಸಿಬ್ಬಂದಿ ಮೊದಲು ಲಾಗಿನ್ ಪಡೆದು ಚುಕ್ಕೆ ಇರುವ ಜಿಲ್ಲೆಗೆ ಕರೆ ಮಾಡಬೇಕು, ಸಾಲದ ವಿಚಾರಣೆಯೂ ಕಾಗದಪತ್ರವೂ ಆ ಕರೆಯ ನಂತರ ನಡೆಯಬೇಕು. ಹೆಡ್ ಕಾನ್‌ಸ್ಟೆಬಲರಿಗೆ ಕರಡು ತೋರಿಸಿದೆ. ಅವರು ಒಂದು ಸಾಲು ಸೇರಿಸಲು ಹೇಳಿದರು, ಜಹೀರಾಬಾದ್ ಮತ್ತು ಉಮರ್ಗಾ ಕಡೆಯ ಠಾಣೆಗಳ ದೂರವಾಣಿ ಸಂಖ್ಯೆಗಳು ಪ್ರತಿ ಠಾಣೆಯ ಗೋಡೆಯ ಮೇಲೂ ಇರಬೇಕು ಎಂದು. ಅದನ್ನೂ ಸೇರಿಸಿದ್ದೇನೆ.