ಲ್ಯಾನ್ಸ್‌ಡೌನ್ ಬೀದಿಯ ಹಸಿರು ಗೋಡೆ

ಬಾಸ್ಟನ್‌ನ ಬೇಸ್‌ಬಾಲ್ ಮೈದಾನ ಫೆನ್‌ವೇ ಪಾರ್ಕಿನ ಎಡಗಡೆ ಗೋಡೆ 37 ಅಡಿ 2 ಅಂಗುಲ ಎತ್ತರ ಅಂತ ಓದಿಕೊಂಡೇ ಹೋಗಿದ್ದೆ. ಆದರೂ ಬೆಳಗಿನ ಟೂರ್‌ನಲ್ಲಿ ಅದರ ನೆತ್ತಿಯ ಮೇಲಿನ ಸೀಟಲ್ಲಿ ಕೂತು ಕೆಳಗೆ ಬಗ್ಗಿ ನೋಡಿದಾಗ ಎದೆ ಝಲ್ಲೆಂದಿತು. ಮುಂದೆ ಹುಲ್ಲು, ಬೆನ್ನ ಹಿಂದೆಯೇ ಲ್ಯಾನ್ಸ್‌ಡೌನ್ ಬೀದಿ. ನಡುವೆ ಈ ಗೋಡೆಯೊಂದೇ.

ಬ್ಯಾಟರ್ ನಿಲ್ಲುವ ಹೋಮ್ ಪ್ಲೇಟಿನಿಂದ ಎಡ ಮೂಲೆಗೆ 310 ಅಡಿ, ಅಂದರೆ ಸುಮಾರು 94 ಮೀಟರ್. ಚಿನ್ನಸ್ವಾಮಿಯ ಬೌಂಡರಿಗಳನ್ನು ನೋಡಿ ಬೆಳೆದವರಿಗೆ ಇದು ದೂರವೇ. ಬೇಸ್‌ಬಾಲಿನಲ್ಲಿ ಮಾತ್ರ ತೀರಾ ಹತ್ತಿರ. 1958ರ ಜೂನ್ ಒಂದರ ನಂತರ ಕಟ್ಟುವ ವೃತ್ತಿಪರ ಮೈದಾನಗಳಲ್ಲಿ ಎರಡೂ ಮೂಲೆಗಳಿಗೆ 325 ಅಡಿ, ನಟ್ಟನಡುವೆ 400 ಅಡಿ ಇರಬೇಕೆಂಬ ನಿಯಮವಿದೆ. ಫೆನ್‌ವೇ ತೆರೆದದ್ದು 1912ರಲ್ಲಿ. ಬೀದಿ ಆಗಲೇ ಅಲ್ಲಿತ್ತು, ಮೈದಾನ ಹಿಗ್ಗಲು ಜಾಗವಿರಲಿಲ್ಲ. ಹಾಗಾಗಿ ಅಗಲದಲ್ಲಿ ಸಿಗದ್ದನ್ನು ಎತ್ತರದಲ್ಲಿ ಪಡೆದರು. ಮೊದಲು ಮರದ ಗೋಡೆ, ಅದರ ಬುಡದಲ್ಲಿ ಮಣ್ಣಿನ ದಿಬ್ಬ. 1934ರಲ್ಲಿ ದಿಬ್ಬ ತಗ್ಗಿಸಿ ಹೊಸ ಗೋಡೆ ಎಬ್ಬಿಸಿದರು. ಅದಕ್ಕೆ ಮೆತ್ತಿದ್ದ ಜಾಹೀರಾತುಗಳನ್ನು ಅಳಿಸಿ ಹಸಿರು ಬಳಿದದ್ದು 1947ರಲ್ಲಿ. ಗ್ರೀನ್ ಮಾನ್ಸ್ಟರ್ ಎಂಬ ಹೆಸರು ಆ ಬಣ್ಣದಿಂದಲೇ ಬಂದದ್ದು. ಹತ್ತಿರ ಹೋದರೆ ಮೈತುಂಬ ಚೆಂಡು ಬಡಿದ ತಗ್ಗುಗಳು. ಬುಡದ ಸ್ಕೋರ್‌ಬೋರ್ಡಿನಲ್ಲಿ ಇವತ್ತಿಗೂ ಗೋಡೆಯೊಳಗೆ ಕೂತ ಮಂದಿ ತಗಡಿನ ಅಂಕಿಗಳನ್ನು ಕೈಯಾರೆ ಸಿಕ್ಕಿಸುತ್ತಾರೆ. ಪಕ್ಕದ ದೈತ್ಯ ಪರದೆಯ ಅಬ್ಬರಕ್ಕಿಂತ ನನಗೆ ಅದೇ ಹಿಡಿಸಿತು.

ಸಂಜೆಯ ಆಟಕ್ಕೆ ಟಿಕೆಟ್ ತೆಗೆಯುವವರಿಗೆ ಒಂದು ಮಾತು: ಗ್ರ್ಯಾಂಡ್‌ಸ್ಟ್ಯಾಂಡಿನಲ್ಲಿ ಚಾವಣಿ ಹೊತ್ತ ಕಬ್ಬಿಣದ ಕಂಬಗಳಿವೆ. ಟಿಕೆಟ್ ಮರುಮಾರಾಟದ ಜಾಲತಾಣವೊಂದು 'ನೋಟಕ್ಕೆ ಅಡ್ಡಿಯಿದೆ' ಎಂಬುದನ್ನು ಕಣ್ಣಿಗೆ ಬೀಳದ ಸಣ್ಣ ಅಕ್ಷರದಲ್ಲಿ ಹಾಕಿ, ಪೂರ್ತಿ ದುಡ್ಡು ಕಿತ್ತುಕೊಂಡಿತು. ಚೆಂಡೆಸೆಯುವ ಪಿಚರ್ ಇದ್ದ, ಬ್ಯಾಟರ್ ಇದ್ದ, ನಡುವೆ ಕಂಬ. ಸೀಟಿನ ಸಂಖ್ಯೆ ಹಾಕಿ ಅಲ್ಲಿಂದ ಏನು ಕಾಣುತ್ತದೆ ಅಂತ ಫೋಟೋ ಹುಡುಕದೆ ದುಡ್ಡು ಕಟ್ಟಬೇಡಿ. ನನಗೆ ಆ ಸಿಟ್ಟು ಇನ್ನೂ ಇಳಿದಿಲ್ಲ.

ಪಕ್ಕದ ಮುದುಕರು ಸರಿದು ಜಾಗ ಕೊಟ್ಟರು. ತೊಡೆಯ ಮೇಲೆ ಸ್ಕೋರ್‌ಕಾರ್ಡ್, ಕೈಯಲ್ಲಿ ಮೊಂಡು ಪೆನ್ಸಿಲ್. ಮೂರನೇ ಇನ್ನಿಂಗ್ಸಿನಲ್ಲಿ ಒಬ್ಬ ಹೊಡೆದ ಚೆಂಡು ಗುಂಡಿನಂತೆ ನುಗ್ಗಿ ಗೋಡೆಗೆ ಬಡಿಯಿತು. ಫೀಲ್ಡರ್ ಓಡಲೇ ಇಲ್ಲ, ಪುಟಿದು ಬರುವ ಜಾಗದಲ್ಲಿ ನಿಂತಿದ್ದ. ಹಿಡಿದು ಎಸೆಯುವ ಹೊತ್ತಿಗೆ ಬ್ಯಾಟರ್ ಓಡಿ ಸುತ್ತಬೇಕಾದ ನಾಲ್ಕು ಬೇಸ್‌ಗಳಲ್ಲಿ ಮೊದಲನೆಯದರಲ್ಲೇ ಉಳಿದ. ಸ್ವಲ್ಪ ಹೊತ್ತಿಗೆ ಇನ್ನೊಬ್ಬ ಮೆತ್ತಗೆ ಮೇಲೆತ್ತಿದ ಚೆಂಡು ಗೋಡೆ ದಾಟಿ, ನಾಲ್ಕೂ ಬೇಸ್ ಸುತ್ತಿಸುವ ಹೋಮ್ ರನ್ ಆಯಿತು.

"ಇದು ಅನ್ಯಾಯ ಅಲ್ಲವೇ?" ಎಂದೆ.

ಮುದುಕರು ಪೆನ್ಸಿಲ್ ಕೆಳಗಿಟ್ಟರು. "ಯಾರಿಗೆ? ಎರಡು ತಂಡಕ್ಕೂ ಗೋಡೆ ಒಂದೇ. ಈ ಗೋಡೆಗೆ ಹೇಗೆ ಹೊಡೆಯಬೇಕು, ಪುಟಿದದ್ದನ್ನು ಎಲ್ಲಿ ಹಿಡಿಯಬೇಕು ಅಂತ ಕಲಿಯುವುದೇ ಆಟ. ನಮ್ಮ ತಂಡಕ್ಕೆ ಇದೇ ಎಡಗಡೆ ಫೀಲ್ಡ್ ಮಾಡುತ್ತಿದ್ದ ಯಾಸ್ಟ್ರ್‌ಜೆಮ್‌ಸ್ಕಿ ಕಲಿತಿದ್ದ."

ಕ್ರಿಕೆಟ್ಟಿನಲ್ಲಿ ನೆಲಕ್ಕೆ ತಾಗದ ಚೆಂಡು ಕೈಯಲ್ಲಿರುವಾಗ ಫೀಲ್ಡರನ ಕಾಲು ಹಗ್ಗಕ್ಕೆ ತಾಗಿದರೂ ಸಿಕ್ಸರ್ ಎಂದು ನಾನು ಹೇಳಿದ್ದು ಅವರಿಗೆ ನಂಬಲಾಗಲಿಲ್ಲ. ಇಲ್ಲಿ ಬೇಲಿಯ ಆಚೆಗೆ ಕೈ ಚಾಚಿ ಹಿಡಿದರೂ ಔಟೇ. ಆದರೆ ಗಾಳಿಯಲ್ಲಿದ್ದ ಚೆಂಡು ಅವನ ಗ್ಲೌಸಿಗೆ ತಗುಲಿ ಆಚೆ ಬಿದ್ದರೆ ಹೋಮ್ ರನ್. ನೆಲಕ್ಕೆ ಪುಟಿದು ದಾಟಿದರೆ ಎರಡು ಬೇಸ್ ಮಾತ್ರ. ಮೂಲೆಯ ಹಳದಿ ಕಂಬಕ್ಕೆ ನೇರ ಬಡಿದರೂ ಹೋಮ್ ರನ್. 1975ರಲ್ಲಿ ಅಮೆರಿಕದ ಬೇಸ್‌ಬಾಲಿನ ಅಂತಿಮ ಸರಣಿಯಾದ ವರ್ಲ್ಡ್ ಸೀರೀಸಿನ ಆರನೇ ಪಂದ್ಯದ ಹನ್ನೆರಡನೇ ಇನ್ನಿಂಗ್ಸಿನಲ್ಲಿ ಬಾಸ್ಟನ್ ತಂಡದ ಕಾರ್ಲ್‌ಟನ್ ಫಿಸ್ಕ್ ಪಂದ್ಯ ಗೆಲ್ಲಿಸಿದ್ದು ಇದೇ ಎಡ ಕಂಬಕ್ಕೆ ಹೊಡೆದು. ಆ ರಾತ್ರಿಯ ಮಾತು ತೆಗೆದಾಗ ಅವರು ಎರಡೂ ಕೈಗಳನ್ನು ಬಲಕ್ಕೆ ಬೀಸಿ ಬೀಸಿ ತೋರಿಸಿದರು. ಚೆಂಡು ಕಂಬದಾಚೆ ಹೊರಗೆ ಹೋಗಿ ಫೌಲ್ ಆಗದಿರಲೆಂದು ಫಿಸ್ಕ್ ಓಡುತ್ತಲೇ ಹಾಗೆ ಬೀಸಿದ್ದನಂತೆ.

ಬಲಗಡೆ ಎಲ್ಲ ತಿರುವುಮುರುವು. ಮೂಲೆಯ ಹಳದಿ ಕಂಬಕ್ಕೆ, ಅದನ್ನು ಪೆಸ್ಕಿ ಕಂಬ ಅನ್ನುತ್ತಾರೆ, ಕೇವಲ 302 ಅಡಿ, ಬೇಲಿ ಎದೆಮಟ್ಟಕ್ಕೂ ಬಾರದು. ಅಲ್ಲಿಂದ ಬೇಲಿ ಸರ್ರನೆ ಹಿಂದೆ ಸರಿಯುತ್ತದೆ. ನಡುವಿಗೆ ತುಸು ಬಲದಲ್ಲಿರುವ ಒಂದು ಸಂದಿಗೆ 420 ಅಡಿ. ಹಸಿರು ಕುರ್ಚಿಗಳ ನಡುವೆ ಒಂದೇ ಒಂದು ಕೆಂಪು ಕುರ್ಚಿ. 1946ರ ಜೂನ್ 9ರಂದು ಬಾಸ್ಟನ್ ತಂಡದ ಟೆಡ್ ವಿಲಿಯಮ್ಸ್ ಹೊಡೆದ 502 ಅಡಿಯ ಚೆಂಡು ಅಲ್ಲಿ ಕೂತವನ ಹುಲ್ಲಿನ ಟೋಪಿಯ ಮೇಲೆ ಬಿದ್ದಿತ್ತು.

ಮರುದಿನದ ಹಾರ್ವರ್ಡ್, ಬಂದರು, ಮ್ಯೂಸಿಯಂಗಳ ಬಗ್ಗೆ ಬೇರೆಯವರು ಬೇಕಾದಷ್ಟು ಬರೆದಿದ್ದಾರೆ. ನನ್ನಲ್ಲಿ ಉಳಿದಿರುವುದು ಒಂದೇ ಆಸೆ: ಮತ್ತೆ ಹೋಗುವುದಾದರೆ ಪೆಸ್ಕಿ ಕಂಬದ ಹತ್ತಿರ, ಚಾವಣಿಯ ಕಂಬ ಅಡ್ಡ ಬಾರದ ಸೀಟು ಹಿಡಿದು, ಆ ಮೂಲೆಯಲ್ಲಿ ಫೀಲ್ಡರ್ ಹೇಗೆ ನಿಲ್ಲುತ್ತಾನೆ ಅಂತ ಒಂಬತ್ತು ಇನ್ನಿಂಗ್ಸೂ ನೋಡಬೇಕು.