ಕುರಿ ಎನ್ನಿಸಿಕೊಳ್ಳಲು ನಿಮಗೆ ಬೇಸರವಿಲ್ಲವೇ?

ಯಾದಗಿರಿ, ಕಲಬುರಗಿ ಕಡೆಯ ಕ್ರೈಸ್ತರ ಮನೆಗಳಲ್ಲಿ ಒಂದು ವಾಕ್ಯ ಎಲ್ಲಿ ಹೋದರೂ ಕಣ್ಣಿಗೆ ಬೀಳುತ್ತದೆ. ಗೋಡೆಯ ಕ್ಯಾಲೆಂಡರಿನಲ್ಲಿ, ಮದುವೆಯ ಕರೆಯೋಲೆಯಲ್ಲಿ, ಒಮ್ಮೊಮ್ಮೆ ಟಂಟಂ ಗಾಡಿಯ ಮುಂದಿನ ಗಾಜಿನ ಮೇಲೂ: ‘ಯೆಹೋವನು ನನಗೆ ಕುರುಬನು, ಕೊರತೆಪಡೆನು.’ ಇಪ್ಪತ್ತಮೂರನೆಯ ಕೀರ್ತನೆಯ ಮೊದಲ ಸಾಲು. ಅದನ್ನು ಓದಿದವರು ಕೇಳುವ ಪ್ರಶ್ನೆಯೂ ಒಂದೇ. ನಮ್ಮ ಶಾಲೆಗೆ ಹೊಸ ಶಿಕ್ಷಕರು ವರ್ಗವಾಗಿ ಬಂದಾಗಲೆಲ್ಲ ಅದು ಹೇಗೋ ಸುತ್ತಿಕೊಂಡು ನನ್ನ ಬಳಿಗೇ ಬರುತ್ತದೆ. “ಮೇಡಂ, ದೇವರು ಕುರುಬ ಎಂದ ಮೇಲೆ ನೀವೆಲ್ಲ ಕುರಿಗಳೇ ಆದಿರಲ್ಲ, ಬೇಸರವಾಗುವುದಿಲ್ಲವೇ?”

ಕೇಳುವವರಲ್ಲಿ ಕುಹಕ ಕಡಿಮೆ. ನಮ್ಮ ಮಾತಿನಲ್ಲಿ ಕುರಿಗೆ ಇರುವ ಮರ್ಯಾದೆಯೇ ಅಷ್ಟು. ಮೋಸಹೋದವನು ಕುರಿ, ಯಾರದೋ ಹಿಂದೆ ತಲೆ ತಗ್ಗಿಸಿ ನಡೆದವರು ಕುರಿಮಂದೆ. ಹಾಗಿರುವಾಗ ಓದುಬರಹ ಕಲಿತವರು ವಾರವಾರವೂ ಗುಡಿಗೆ ಹೋಗಿ ನಾವು ಕುರಿಗಳು ಎಂದು ಹಾಡಿ ಬರುವುದು ವಿಚಿತ್ರವಾಗಿ ಕಂಡರೆ ತಪ್ಪೇನಿಲ್ಲ.

ಬೇಸರವಿಲ್ಲ ಎಂಬುದು ನನ್ನ ಉತ್ತರ. ಬೈಬಲಿನಲ್ಲಿ ಕುರಿ ಕುರುಬರ ಮಾತು ಬರುವ ಕಡೆ ಕುರಿಯ ದಡ್ಡತನವನ್ನು ಅಳೆಯುವುದು ಅಪರೂಪ. ನಾವೆಲ್ಲರೂ ಕುರಿಗಳಂತೆ ದಾರಿತಪ್ಪಿದೆವು ಎಂದು ಪ್ರವಾದಿ ಯೆಶಾಯ ಹೇಳಿರುವುದು ನಿಜ, ಅದನ್ನು ಮುಚ್ಚಿಡುವುದಿಲ್ಲ. ಆದರೆ ಕಟಕಟೆಯಲ್ಲಿ ನಿಲ್ಲುವವನು ಬಹುಪಾಲು ಕುರುಬನೇ. ಕೋಲು ಯಾರ ಕೈಯಲ್ಲಿದೆಯೋ ಅವನಿಂದ ಲೆಕ್ಕ ಕೇಳುವುದಕ್ಕಾಗಿಯೇ ಈ ಮಾತು ಮತ್ತೆ ಮತ್ತೆ ಬರುತ್ತದೆ.

ಇದು ಕಾಣದಂತೆ ಮಾಡಿರುವುದು ಕ್ಯಾಲೆಂಡರಿನ ಚಿತ್ರ ಎಂಬುದು ನನ್ನ ಗುಮಾನಿ. ಅದರಲ್ಲಿ ಹಾಲಿನಂತೆ ಬೆಳ್ಳಗಿರುವ ಕುರಿಗಳು, ಕತ್ತರಿಸಿಟ್ಟಂತಹ ಹುಲ್ಲು, ಒಂದು ಕಲೆಯೂ ಇಲ್ಲದ ನಿಲುವಂಗಿ. ನಮ್ಮ ಕಡೆ ಕಾಣುವುದು ದಖ್ಖನಿ ತಳಿಯ ಕರಿಯ ಕುರಿ, ತೊಗರಿ ಕೊಯ್ದ ಹೊಲದ ಕೂಳೆ, ಹೆಗಲ ಮೇಲೆ ಕಂಬಳಿ, ಜಾಲಿಯ ಟೊಂಗೆ ಎಳೆಯಲು ಉದ್ದನೆಯ ಗಳೆಗೆ ಕಟ್ಟಿದ ಕುಡುಗೋಲು, ಜೇಬಿನಲ್ಲಿ ಮೊಬೈಲ್. ತೊಗರಿಯ ರಾಶಿ ಮುಗಿದ ಮೇಲೆ ವಲಸೆ ಕುರಿಗಾಹಿಗಳು ನಮ್ಮ ಭಾಗದ ಹೊಲಗಳಿಗೆ ಬರುತ್ತಾರೆ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ತರುಬಿಸಿಕೊಳ್ಳುವ ರೈತ ಅದಕ್ಕೆ ಕಾಳನ್ನೋ ಹಣವನ್ನೋ ಕೊಡುತ್ತಾನೆ.

ಸಂಜೆ ಅಂಥ ಹೊಲದ ಬದುವಿನಲ್ಲಿ ನಿಂತು ನೋಡಬೇಕು. ಹಗಲೆಲ್ಲ ಬಲೆಯ ಒಳಗಿದ್ದ ಎಳೆಯ ಮರಿಗಳು ಹಿಂಡು ಮರಳುವ ಸದ್ದಿಗೇ ಕೂಗಲು ಶುರುಮಾಡುತ್ತವೆ. ತಾಯಿಕುರಿಗಳೂ ಕೂಗುತ್ತವೆ. ಧೂಳು, ಗದ್ದಲ, ಯಾವ ಮರಿ ಯಾವುದರದೆಂದು ನನ್ನಂಥವರಿಗೆ ದೇವರಾಣೆಗೂ ತಿಳಿಯದು. ಕುರುಬನ ಹೆಂಡತಿ ಎರಡು ಕೈಯಲ್ಲಿ ಎರಡು ಮರಿಗಳನ್ನು ಮುಂಗಾಲು ಹಿಡಿದೆತ್ತಿ ಆ ಗುಂಪಿನೊಳಗೆ ನುಗ್ಗಿ ನೇರವಾಗಿ ಅವುಗಳ ತಾಯಂದಿರ ಕೆಚ್ಚಲಿಗೇ ಬಿಡುತ್ತಾಳೆ. ಮೂಸಿ ಒದೆಯುವ ತಾಯಿ ಇದ್ದರೆ ಅದರ ಕಾಲನ್ನು ತನ್ನ ಮಂಡಿಯಿಂದ ಒತ್ತಿಹಿಡಿದು ಕುಡಿಸುತ್ತಾಳೆ. ಹೇಗೆ ಗುರುತು ಸಿಗುತ್ತದೆ ಎಂದು ಒಬ್ಬಾಕೆಯನ್ನು ಕೇಳಿದೆ. “ನಿಮಗೆ ನಿಮ್ಮ ತರಗತಿಯ ಮಕ್ಕಳ ಗುರುತು ಸಿಗುವುದಿಲ್ಲವೇ ಅಕ್ಕೋರೆ?” ಎಂದಳು. ಆತನು ಮರಿಗಳನ್ನು ಎದೆಗಪ್ಪಿಕೊಳ್ಳುವನು, ಹಾಲು ಕುಡಿಸುವ ಕುರಿಗಳನ್ನು ಮೆಲ್ಲಗೆ ನಡೆಸುವನು ಎಂದು ಯೆಶಾಯನ ನಲವತ್ತನೆಯ ಅಧ್ಯಾಯದಲ್ಲಿದೆ. ಮರಿ ಹಾಕಿದ ಕುರಿಯನ್ನು ಅವಸರಪಡಿಸಬಾರದು ಎಂಬುದು ಹಿಂಡಿನೊಡನೆ ನಡೆದವನಿಗೆ ಮಾತ್ರ ಹೊಳೆಯುವ ಮಾತು.

ಆದಿಕಾಂಡದ ಯಾಕೋಬ ತನ್ನ ಮಾವ ಲಾಬಾನನ ಮುಂದೆ ನಿಂತು ಆಡುವ ಜಗಳವನ್ನೂ ಹಾಗೆಯೇ ಓದಬೇಕು. ಇಪ್ಪತ್ತು ವರ್ಷ ನಿನ್ನ ಬಳಿ ದುಡಿದೆ, ನಿನ್ನ ಕುರಿಗಳ ಗರ್ಭ ಬೀಳಲಿಲ್ಲ, ಹಿಂಡಿನ ಟಗರನ್ನು ತಿನ್ನಲಿಲ್ಲ, ಕಾಡುಮೃಗ ಹರಿದುಹಾಕಿದ್ದರ ನಷ್ಟವನ್ನು ನಾನೇ ಹೊತ್ತೆ, ಹಗಲು ಬಿಸಿಲು ಇರುಳು ಚಳಿ ತಿಂದು ನಿದ್ದೆಗೆಟ್ಟೆ, ಆದರೂ ಹತ್ತು ಸಲ ನನ್ನ ಕೂಲಿ ಬದಲಿಸಿದೆ. ಕೂಲಿಯವನ ಲೆಕ್ಕವಿದು, ಭಕ್ತಿಗೀತೆಯ ಲವಲೇಶವೂ ಇಲ್ಲ. ಬೇರೆಯವರ ಕುರಿಗಳನ್ನು ಪಾಲಿಗೆ ಮೇಯಿಸುವ ಇಲ್ಲಿನ ಹುಡುಗನೊಬ್ಬನ ಬಾಯಲ್ಲಿ ಇದನ್ನೇ ಕೇಳಿದರೆ ಆಶ್ಚರ್ಯಪಡಬೇಕಿಲ್ಲ.

ಆಮೋಸನ ಪುಸ್ತಕದಲ್ಲಿ ಇನ್ನೊಂದು ಮಾತಿದೆ. ಅವನು ತೆಕೋವದ ಕುರುಬ. ಕುರುಬನು ಸಿಂಹದ ಬಾಯಿಂದ ಎರಡು ಕಾಲುಗಳನ್ನೋ ಕಿವಿಯ ತುಂಡನ್ನೋ ಕಿತ್ತು ತರುವಂತೆ ಇಸ್ರಾಯೇಲಿನವರಲ್ಲಿ ಅಳಿದುಳಿದವರು ಪಾರಾಗುವರು ಎನ್ನುತ್ತಾನೆ. ಸತ್ತ ಕುರಿಯ ಕಿವಿಯನ್ನು ಯಾರಾದರೂ ಏಕೆ ತರುತ್ತಾರೆ? ವಿಮೋಚನಕಾಂಡದ ನಿಯಮದ ಪ್ರಕಾರ, ಕಾಯಲು ಕೊಟ್ಟ ಪಶುವನ್ನು ಮೃಗ ಕೊಂದರೆ ಕಾಯುವವನು ಉಳಿದದ್ದನ್ನು ಸಾಕ್ಷಿಗೆ ತರಬೇಕು, ತಂದರೆ ಈಡು ಕೊಡಬೇಕಿಲ್ಲ. ನಮ್ಮಲ್ಲಿ ವಿಮೆ ಮಾಡಿಸಿದ ಕುರಿ ಸತ್ತರೆ ಮೊದಲು ಕೇಳುವುದು ಅದರ ಕಿವಿಗೆ ಹಾಕಿದ ಗುರುತಿನ ಓಲೆಯನ್ನೇ. ರಾಜ್ಯದ ಅನುಗ್ರಹ ಯೋಜನೆಯ ಪರಿಹಾರ ಸಿಗಬೇಕಾದರೂ ಪಶುವೈದ್ಯರ ಮರಣೋತ್ತರ ಪರೀಕ್ಷೆಯ ವರದಿ ಬೇಕು. ಪ್ರವಾದಿ ಅಷ್ಟು ದೊಡ್ಡ ದುರಂತವನ್ನು ಒಂದು ಕಿವಿಯ ತುಂಡಿನಲ್ಲಿ ಹೇಳಿದ್ದು ಏಕೆಂದು ಪಂಡಿತರಿಗಿಂತ ಬೇಗ ನಮ್ಮ ಕುರಿಗಾಹಿಗಳಿಗೆ ಅರ್ಥವಾಗುತ್ತದೆ.

ಇನ್ನು ಯೆಹೆಜ್ಕೇಲನ ಮೂವತ್ತನಾಲ್ಕನೆಯ ಅಧ್ಯಾಯ. ನನ್ನನ್ನು ಕೇಳಿದರೆ ಕ್ಯಾಲೆಂಡರಿನಲ್ಲಿ ಅಚ್ಚಾಗಬೇಕಾದದ್ದು ಇದು. ಯೆರೂಸಲೇಮ್ ಬಿದ್ದ ಸುದ್ದಿ ಬಾಬೆಲಿನಲ್ಲಿ ಸೆರೆಯಿದ್ದ ಯೆಹೂದ್ಯರಿಗೆ ಹಿಂದಿನ ಅಧ್ಯಾಯದಲ್ಲಷ್ಟೇ ತಲುಪಿರುತ್ತದೆ. ಆಗ ಪ್ರವಾದಿಯ ಬಾಯಿಂದ ಬರುವುದು ಕುರುಬರ ಮೇಲಿನ ದೂರು, ಎಂದರೆ ಆಳುವವರ ಮೇಲಿನ ದೂರು. ಕೊಬ್ಬು ತಿಂದಿರಿ, ಉಣ್ಣೆ ಹೊದ್ದಿರಿ, ಕೊಬ್ಬಿದ್ದನ್ನು ಕೊಯ್ದಿರಿ. ಬಡಕಲಾದದ್ದಕ್ಕೆ ಬಲ ತುಂಬಲಿಲ್ಲ, ರೋಗಕ್ಕೆ ಮದ್ದಿಲ್ಲ, ಮುರಿದ ಕಾಲಿಗೆ ಕಟ್ಟಿಲ್ಲ, ತಪ್ಪಿಸಿಕೊಂಡದ್ದನ್ನು ಹುಡುಕಲಿಲ್ಲ. ಕುರಿಗಳು ಚದರಿದ್ದು ಅವುಗಳ ದಡ್ಡತನದಿಂದಲ್ಲ, ಕಾಯುವವನಿಲ್ಲದ್ದರಿಂದ. ಆದ್ದರಿಂದ ನಾನೇ ನನ್ನ ಕುರಿಗಳನ್ನು ಹುಡುಕುತ್ತೇನೆ ಎಂದು ದೇವರು ಹೇಳುತ್ತಾನೆ.

ಆ ಅಧ್ಯಾಯ ಅಲ್ಲಿಗೇ ಮುಗಿದಿದ್ದರೆ ನಮ್ಮಂಥವರಿಗೆ ಹಿತವಾಗಿರುತ್ತಿತ್ತು. ಮುಂದೆ ಅದು ಕುರಿಗಳ ಕಡೆಗೂ ತಿರುಗುತ್ತದೆ. ಒಳ್ಳೆಯ ಹುಲ್ಲು ಮೇಯ್ದು ಉಳಿದದ್ದನ್ನು ತುಳಿದಿರಿ, ತಿಳಿನೀರು ಕುಡಿದು ಉಳಿದದ್ದನ್ನು ಕಾಲಿನಿಂದ ಕದಡಿದಿರಿ, ಸೊರಗಿದವುಗಳನ್ನು ಪಕ್ಕೆಯಿಂದಲೂ ಹೆಗಲಿನಿಂದಲೂ ನೂಕಿದಿರಿ ಎಂದು ಕೊಬ್ಬಿದ ಕುರಿಗಳಿಗೆ ಛೀಮಾರಿ. ಏಪ್ರಿಲ್ ತಿಂಗಳಲ್ಲಿ ಭೀಮಾ ನದಿಯ ಪಾತ್ರದಲ್ಲಿ ಉಳಿದ ಗುಂಡಿಗೆ ಹಿಂಡು ಇಳಿಯುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ. ಟಗರುಗಳು ಮೊದಲು ನುಗ್ಗುತ್ತವೆ. ಹಿಂದೆ ಬಂದ ಮರಿಗಳಿಗೆ ಸಿಗುವುದು ರಾಡಿ. ಸರ್ಕಾರಿ ಸಂಬಳ ತಿಂಗಳು ತಿಂಗಳು ಕೈಸೇರುವ ನನ್ನಂಥವಳು, ಹೊಲದ ಕೆಲಸವಿಲ್ಲದಾಗ ಮುಂಬೈಗೋ ಪುಣೆಗೋ ದುಡಿಯಲು ಹೋಗುವವರ ಪಕ್ಕದಲ್ಲಿ ಕುಳಿತು ಇದನ್ನು ಓದುವಾಗ ಪುಟ ಬೇಗ ತಿರುಗಿಸಬೇಕೆನಿಸುತ್ತದೆ.

ದಾವೀದನ ಕತೆಯಲ್ಲೂ ಇದೇ ತಿರುವು. ಸಿಂಹವನ್ನೂ ಕರಡಿಯನ್ನೂ ಕೊಂದು ಕುರಿ ಬಿಡಿಸಿಕೊಂಡ ಹುಡುಗ ಅರಸನಾದ, ಕೀರ್ತನೆಯೂ ಅವನ ಹೆಸರಿನಲ್ಲೇ ಇದೆ. ತನ್ನ ಸೈನಿಕ ಊರೀಯನನ್ನು ಕೊಲ್ಲಿಸಿ ಅವನ ಹೆಂಡತಿಯನ್ನು ತಂದುಕೊಂಡಾಗ ಪ್ರವಾದಿ ನಾತಾನ ಬಂದು ಹೇಳಿದ್ದು ಕುರಿಮರಿಯ ಕತೆಯನ್ನೇ: ಬಡವನ ತಟ್ಟೆಯಲ್ಲಿ ಉಂಡು ಅವನ ಮಡಿಲಲ್ಲಿ ಮಲಗುತ್ತಿದ್ದ ಒಂದೇ ಒಂದು ಮರಿಯನ್ನು ಸಿರಿವಂತ ಕಿತ್ತು ಅತಿಥಿಗೆ ಅಡುಗೆ ಮಾಡಿಸಿದ. ಅವನು ಸಾಯತಕ್ಕವನು ಎಂದು ದಾವೀದ ಸಿಡಿದೆದ್ದ. ಆ ಮನುಷ್ಯನು ನೀನೇ ಎಂದ ನಾತಾನ.

ಇಷ್ಟು ಹೇಳಿದ ಮೇಲೂ ಬಿಡದವರು ಇರುತ್ತಾರೆ. ಗಣಿತದ ಮೇಷ್ಟರೊಬ್ಬರು ಗಾದೆಯನ್ನೇ ಎಸೆದರು: “ಕುರಿ ಕೊಬ್ಬಿದಷ್ಟೂ ಕುರುಬನಿಗೇ ಲಾಭ. ಎಷ್ಟು ಪ್ರೀತಿಯಿಂದ ಸಾಕಿದರೂ ಕೊನೆಗೆ ಸಂತೆಗೇ ಹೊಡೆಯುವುದಲ್ಲವೇ ಮೇಡಂ?” ಇದು ನನಗೆ ಬಂದ ಪ್ರಶ್ನೆಗಳಲ್ಲೇ ಒಳ್ಳೆಯದು. ಹೌದು, ಸಂತೆಗೇ. ಯಾವ ಕುರುಬನೂ ಧರ್ಮಕ್ಕೆ ಕುರಿ ಕಾಯುವುದಿಲ್ಲ, ಯೇಸುವಿನ ಕಾಲದವನೂ ಕಾಯಲಿಲ್ಲ. ಹೀಗಾಗಿ ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಯೇಸು, ಒಳ್ಳೆಯ ಕುರುಬನು ಕುರಿಗಳಿಗಾಗಿ ಪ್ರಾಣ ಕೊಡುತ್ತಾನೆ ಎಂದಾಗ ಕೇಳಿದವರು ಹುಬ್ಬೇರಿಸಿರಬೇಕು. ತೋಳ ಬಂದಾಗ ಕೂಲಿಯಾಳು ಓಡಿಹೋಗುತ್ತಾನೆ ಎಂಬುದು ಎಲ್ಲರಿಗೂ ಗೊತ್ತಿದ್ದ ಸಂಗತಿ. ಮರಿಯೊಂದಕ್ಕಾಗಿ ಸಾಯುವ ಕುರುಬ ಮಾತ್ರ ಲೆಕ್ಕಕ್ಕೆ ಸಿಗುವವನಲ್ಲ. ಅವನು ಸತ್ತರೆ ಉಳಿದ ಹಿಂಡಿನ ಗತಿ? ಕಸುಬಿನ ತರ್ಕ ಇಲ್ಲಿ ಮುರಿಯುತ್ತದೆ. ಬೈಬಲಿನ ಕೊನೆಯ ಪುಸ್ತಕವಾದ ಪ್ರಕಟನೆಯ ಏಳನೆಯ ಅಧ್ಯಾಯವಂತೂ ಕುರಿಮರಿಯೇ ಕುರುಬನಾಗುತ್ತಾನೆ ಎಂದು ಎಲ್ಲವನ್ನೂ ತಲೆಕೆಳಗು ಮಾಡುತ್ತದೆ. ನನಗೆ ಅದು ಮುರಿಯುವುದೇ ಇಷ್ಟ. ಮುರಿಯದಿದ್ದರೆ ಮೇಷ್ಟರ ಗಾದೆಯೇ ಗೆಲ್ಲುತ್ತಿತ್ತು.

ಕುರಿಮರಿಯ ಮಾತು ಬಂದದ್ದರಿಂದ ಒಂದನ್ನು ಸೇರಿಸುತ್ತೇನೆ. ಇಗೋ ದೇವರ ಕುರಿಮರಿ ಎಂದು ಸ್ನಾನಿಕನಾದ ಯೋಹಾನ ಯೇಸುವನ್ನು ತೋರಿಸುತ್ತಾನೆ. ಪೇಟೆಯಲ್ಲಿ ಬೆಳೆದವರಿಗೆ ಇದು ಒಗಟು. ಯಾದಗಿರಿಯವರಿಗೆ ಅಲ್ಲ. ಸಂಕ್ರಾಂತಿಯ ಹೊತ್ತಿಗೆ ಮೈಲಾಪುರದ ಮಲ್ಲಯ್ಯನ ಜಾತ್ರೆಗೆ ‘ಏಳು ಕೋಟಿಗೇ’ ಎನ್ನುತ್ತ ಬರುವ ಭಕ್ತರಲ್ಲಿ ಕುರಿಮರಿಯನ್ನು ಹರಕೆ ಹೊತ್ತವರಿರುತ್ತಾರೆ. ಪಲ್ಲಕ್ಕಿಯ ಮೇಲೆ ಮರಿ ಎಸೆಯುವುದನ್ನು ಜಿಲ್ಲಾಡಳಿತ ನಿಷೇಧಿಸಿದೆ, ದಾರಿಯಲ್ಲಿ ತಪಾಸಣೆಯೂ ಇರುತ್ತದೆ. ನಿಷೇಧ ಸರಿಯೆಂದೇ ನನ್ನ ಅಭಿಪ್ರಾಯ. ಆದರೆ ಹಿಂಡು ಚೆನ್ನಾಗಿರಲಿ ಎಂದು ಹಿಂಡಿನ ಒಂದು ಮರಿಯನ್ನೇ ದೇವರಿಗೆ ಕೊಡುವ ಮನಸ್ಸನ್ನು ಬಲ್ಲವರಿಗೆ ಯೆಹೂದ್ಯರು ಪಸ್ಕ ಹಬ್ಬದಲ್ಲಿ ಬಲಿ ಕೊಡುತ್ತಿದ್ದ ಕುರಿಮರಿ ಎಂದರೇನೆಂದು ಬಹಳ ಹೇಳಬೇಕಾಗುವುದಿಲ್ಲ.

ಯೇಸು ಹೇಳಿದ ಕಳೆದುಹೋದ ಕುರಿಯ ಕತೆಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಎಲ್ಲರೂ ಬಲ್ಲರು. ತೊಂಬತ್ತೊಂಬತ್ತನ್ನು ಅಡವಿಯಲ್ಲಿ ಬಿಟ್ಟು ಒಂದರ ಹಿಂದೆ ಹೋಗುವುದು ಜಾಣತನವೇ ಎಂದು ನಮ್ಮ ಕುರಿಗಾಹಿಯೊಬ್ಬರನ್ನು ಕೇಳಿದ್ದೆ. “ಜೊತೆಗಾರರು ಇರುತ್ತಾರಲ್ಲ” ಎಂದರು, ಪ್ರಶ್ನೆಯೇ ಪೆದ್ದು ಎಂಬಂತೆ. ವಲಸೆಯಲ್ಲಿ ಯಾರೂ ಒಂಟಿಯಾಗಿ ನಡೆಯುವುದಿಲ್ಲ, ಕುರಿ ಕಳ್ಳರ ಭಯ ಅಷ್ಟಿದೆ. ರಾಜ್ಯ ಸರ್ಕಾರ 2025ರಲ್ಲಿ ವಲಸೆ ಕುರಿಗಾಹಿಗಳ ರಕ್ಷಣೆಗೆ ಮಸೂದೆಯನ್ನೇ ತರಬೇಕಾಯಿತು. ಲೂಕನ ಸುವಾರ್ತೆಯಲ್ಲಿ ಜೊತೆಗಾರರ ಮಾತಿಲ್ಲ. ಅಲ್ಲಿ ಮುಖ್ಯವಾದದ್ದು ಕತೆ ಕೇಳಿದವರು ಯಾರೆಂಬುದು. ಯೇಸು ಪಾಪಿಗಳ ಜೊತೆ ಊಟಕ್ಕೆ ಕೂರುತ್ತಾನೆ ಎಂದು ಗೊಣಗಿದ ಫರಿಸಾಯರು, ಶಾಸ್ತ್ರಿಗಳು. ಜನರ ಕುರುಬರೆಂದುಕೊಂಡಿದ್ದವರು. ಇಲ್ಲೂ ಕಟಕಟೆ ಅವರದೇ.

ಆಡುಗಳ ಪರವಾಗಿ ಮಾತ್ರ ನನ್ನಲ್ಲಿ ಉತ್ತರವಿಲ್ಲ. ಮತ್ತಾಯನ ಇಪ್ಪತ್ತೈದನೆಯ ಅಧ್ಯಾಯದ ಕೊನೆಯ ತೀರ್ಪಿನಲ್ಲಿ ಕುರಿಗಳು ಬಲಗಡೆ, ಆಡುಗಳು ಎಡಗಡೆ. ಕರಿ ಕುರಿ, ಕರಿ ಆಡು ಕಲೆತ ಹಿಂಡಿನಲ್ಲಿ ದೂರದಿಂದ ಗುರುತಿಸುವುದು ಬಾಲದಿಂದ: ಆಡಿನದು ಮೇಲಕ್ಕೆ ನಿಗುರಿರುತ್ತದೆ, ಕುರಿಯದು ಜೋತಿರುತ್ತದೆ. ಅಲ್ಲಿ ತೀರ್ಪು ಬಾಲ ನೋಡಿ ಕೊಡುವುದಲ್ಲ, ಹಸಿದವನಿಗೆ ಊಟ ಕೊಟ್ಟೆಯಾ ಎಂದು ಕೇಳಿ. ಆದರೂ ಆಡು ಸಾಕಿ ಮಕ್ಕಳನ್ನು ಓದಿಸಿದ ನಮ್ಮ ಅಜ್ಜಿ ಆ ಭಾಗ ಓದಿದಾಗಲೆಲ್ಲ ಮುಖ ಗಂಟಿಕ್ಕುತ್ತಿದ್ದಳು.

ಇದೆಲ್ಲ ಆದ ಮೇಲೆ ಬರುವ ಕೊನೆಯ ಪ್ರಶ್ನೆ: ಹಾಗಾದರೆ ನಿಮ್ಮ ಪಾಸ್ಟರ್ ಕುರುಬರೋ? ಹೌದು, ಹಾಗೆಯೇ ಕರೆಯುತ್ತೇವೆ. 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯದ ಕಥೋಲಿಕ ಬಂಧುಗಳಿಗೆ ಧರ್ಮಾಧ್ಯಕ್ಷರು, ಅವರ ಕೈಯಲ್ಲಿ ತುದಿ ಬಾಗಿದ ಕುರುಬನ ಕೋಲೇ ಇರುತ್ತದೆ. ನಮ್ಮ ಮೆಥೋಡಿಸ್ಟರಲ್ಲಿ ಸಭಾಪಾಲಕರು. ಸಭಾಪಾಲಕರೊಬ್ಬರು ಒಮ್ಮೆ ಪ್ರಸಂಗದಲ್ಲಿ ಕುರಿ ಕುರುಬನನ್ನು ಪ್ರಶ್ನಿಸುವುದುಂಟೇ ಎಂದು ಗುಡುಗಿದರು. ಕಟ್ಟಡ ನಿಧಿಯ ಬಗ್ಗೆ ಯಾರೋ ಬಾಯಿ ತೆರೆದಿದ್ದ ವಾರ ಅದು. ಅವರು ಯೋಹಾನನ ಕೊನೆಯ ಅಧ್ಯಾಯವನ್ನು ಮರೆತಿದ್ದರು. ಸಾವಿನಿಂದ ಎದ್ದ ಯೇಸು ಪೇತ್ರನಿಗೆ ಮೂರು ಸಲ ಒಪ್ಪಿಸುವುದು ನನ್ನ ಕುರಿಗಳನ್ನು, ಪೇತ್ರನ ಕುರಿಗಳನ್ನಲ್ಲ. ಆ ಪೇತ್ರನ ಹೆಸರಿನ ಪತ್ರವೇ ಸಭೆಯ ಹಿರಿಯರಿಗೆ ಹೇಳುತ್ತದೆ: ನೀಚವಾದ ಲಾಭಕ್ಕಾಗಿ ಮೇಯಿಸಬೇಡಿ, ಹಿಂಡಿನ ಮೇಲೆ ದೊರೆತನ ಮಾಡಬೇಡಿ, ಮುಖ್ಯ ಕುರುಬನು ಬರುತ್ತಾನೆ. ಹಿಂಡು ಒಡೆಯನದು, ಇವರು ಕಾಯಲು ಒಪ್ಪಿಕೊಂಡವರು, ಯಾಕೋಬನಂತೆ ಕಳೆದುಹೋದದ್ದಕ್ಕೆ ಉತ್ತರ ಕೊಡಬೇಕಾದವರು. ಅದಕ್ಕೇ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರ ಓದುವ ಹೊತ್ತಿಗೆ ಉಳಿದವರು ಚಹಾಕ್ಕೆ ಎದ್ದರೂ ನಾನು ಏಳುವುದಿಲ್ಲ. ಖಜಾಂಚಿಯವರಿಗೆ ಈಗ ಅದು ಅಭ್ಯಾಸವಾಗಿದೆ, ರಸೀದಿ ಪುಸ್ತಕಗಳನ್ನು ಮೊದಲೇ ತಂದಿಟ್ಟುಕೊಂಡಿರುತ್ತಾರೆ.